ರಿಸಾರ್ಟ್ ರೂಮಿನಲ್ಲಿ ಐದನೆಯವರಿಗೆ ಜಾಗ ಯಾಕಿಲ್ಲ?

ದಸರಾ ರಜೆ ಹತ್ತಿರ ಬಂತು ಅಂದರೆ ಮಡಿಕೇರಿ, ಚಿಕ್ಕಮಗಳೂರು, ಸಕಲೇಶಪುರದ ಕಡೆ ರೂಮಿನ ಹುಡುಕಾಟ ಶುರು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ಅಜ್ಜಿ. ಒಟ್ಟು ಐದು ಜನ. ಆ್ಯಪ್‌ನಲ್ಲಿ ಐದು ಅಂತ ಹಾಕಿದ ಕೂಡಲೇ ಅಲ್ಲಿವರೆಗೆ ಕಾಣುತ್ತಿದ್ದ ರೂಮುಗಳು ಮಾಯ, ಇಲ್ಲಾಂದ್ರೆ ಎರಡು ರೂಮಿನ ರೇಟು. ಫೋನ್ ಮಾಡಿ "ಒಂದೇ ರೂಮಲ್ಲಿ ಅಡ್ಜಸ್ಟ್ ಮಾಡ್ಕೊಳ್ತೀವಿ ಸಾರ್, ಮಕ್ಕಳು ಚಿಕ್ಕವರು" ಅಂದರೆ ಒಂದು ಕಡೆ ಆಯ್ತು ಬನ್ನಿ ಅಂತಾರೆ, ಇನ್ನೊಂದು ಕಡೆ ಸುತಾರಾಂ ಆಗಲ್ಲ ಅಂತಾರೆ, ಮೂರನೇ ಕಡೆ ತಲೆಗೆ ಇಷ್ಟು ಅಂತ ಜಾಸ್ತಿ ಕೊಟ್ಟರೆ ನೋಡೋಣ ಅಂತಾರೆ.

ಹಾಗಾದರೆ ಇದು ನಿಜವಾದ ನಿಯಮವೋ, ದುಡ್ಡಿನ ವಿಷಯವೋ? ಎರಡೂ ಹೌದು. ಒಂದು ರೂಮಿಗೆ ಇಷ್ಟೇ ಜನ ಅನ್ನುವ ಮಿತಿಯ ಹಿಂದೆ ಬೇರೆ ಬೇರೆ ಕಾರಣ ಸೇರಿಕೊಂಡಿವೆ. ಕೆಲವು ಮಾತಾಡಿದರೆ ಬಗ್ಗುತ್ತವೆ, ಕೆಲವು ಬಗ್ಗಲೇಬಾರದು. ಯಾವುದು ಯಾವುದು ಅಂತ ಗೊತ್ತಿದ್ದರೆ ಬುಕ್ ಮಾಡುವಾಗ ತಲೆನೋವು ಕಡಿಮೆ.

ಒಂದು ರೂಮಿಗೆ ಎರಡು ಲೆಕ್ಕ

ಪ್ರತಿ ರೂಮಿಗೂ ಹೋಟೆಲಿನವರು ಎರಡು ಸಂಖ್ಯೆ ಇಟ್ಟುಕೊಂಡಿರುತ್ತಾರೆ. ಮೊದಲನೆಯದು ಬೇಸ್ ಆಕ್ಯುಪೆನ್ಸಿ. ಅಂದರೆ ತೋರಿಸಿರುವ ರೇಟು ಎಷ್ಟು ಜನಕ್ಕೆ ಅನ್ನುವುದು. ಸಾಮಾನ್ಯವಾಗಿ ಇದು ಇಬ್ಬರು ದೊಡ್ಡವರಿಗೆ. ಎರಡನೆಯದು ಮ್ಯಾಕ್ಸ್ ಆಕ್ಯುಪೆನ್ಸಿ, ಅಂದರೆ ಎಷ್ಟೇ ಹಣ ಕೊಟ್ಟರೂ ಆ ರೂಮಿನಲ್ಲಿ ಇದಕ್ಕಿಂತ ಹೆಚ್ಚು ಜನ ಇರುವಂತಿಲ್ಲ ಅನ್ನುವ ಮಿತಿ. ಇದು ಹೆಚ್ಚಾಗಿ ಮೂರು, ಕೆಲವು ಕಡೆ ನಾಲ್ಕು.

ಈ ಎರಡರ ನಡುವೆ ಬರುವವರಿಗೆ ಹೆಚ್ಚುವರಿ ಹಣ. ಏಜೆಂಟರು ಕಳಿಸುವ ಕೊಟೇಶನ್‌ನಲ್ಲಿ ಸಿಡಬ್ಲ್ಯೂಬಿ, ಸಿಎನ್‌ಬಿ ಅಂತೆಲ್ಲ ಇರುತ್ತಲ್ವಾ, ಅದು ಇದೇ. ಸಿಡಬ್ಲ್ಯೂಬಿ ಅಂದರೆ ಮಗುವಿಗೆ ಬೇರೆ ಹಾಸಿಗೆ ಕೊಡುತ್ತಾರೆ. ಸಿಎನ್‌ಬಿ ಅಂದರೆ ಹಾಸಿಗೆ ಇಲ್ಲ, ಅಪ್ಪ ಅಮ್ಮನ ಜೊತೆಯೇ ಮಲಗಬೇಕು. ಅದೇ ಕಾಗದದಲ್ಲಿ ಊಟದ ಲೆಕ್ಕವೂ ಇರುತ್ತದೆ. ಇಪಿ ಅಂದರೆ ಬರೀ ರೂಮು. ಸಿಪಿ ಅಂದರೆ ಬೆಳಗಿನ ತಿಂಡಿ ಸೇರಿದೆ. ಎಂಎಪಿ ಅಂದರೆ ತಿಂಡಿ ಜೊತೆ ಒಂದು ಊಟ. ಎಪಿ ಅಂದರೆ ಮೂರು ಹೊತ್ತೂ ಅವರದೇ.

ಹೆಚ್ಚುವರಿ ತಲೆಗೆ ಕೇಳುವ ಹಣದಲ್ಲಿ ದೊಡ್ಡ ಪಾಲು ಈ ಊಟದ್ದು. ಬಫೆಯಲ್ಲಿ ತಟ್ಟೆ ಎಣಿಸುತ್ತಾರೆ, ರೂಮು ಎಣಿಸಲ್ಲ. ಹಾಗಾಗಿ "ಹಾಸಿಗೆ ಬೇಡ, ನೆಲದ ಮೇಲೆ ಮಲಗ್ತೀವಿ" ಅಂದರೂ ಪೂರ್ತಿ ರಿಯಾಯಿತಿ ಸಿಗುವುದಿಲ್ಲ. ಹಾಸಿಗೆ ಬೇಡ ಅಂದಿರಿ, ಊಟ ಬೇಡ ಅನ್ನಲಿಲ್ಲ. ಇದು ಬೆಲೆಯ ವಿಷಯ, ಚೌಕಾಸಿಗೆ ಜಾಗ ಇದೆ. ಹಾಸಿಗೆಗೆ ಎಷ್ಟು, ಊಟಕ್ಕೆ ಎಷ್ಟು ಅಂತ ಬಿಡಿಸಿ ಕೇಳಿದರೆ ಎಷ್ಟೋ ಕಡೆ ಬಿಡಿಸಿ ಹೇಳುತ್ತಾರೆ. ಮ್ಯಾಕ್ಸ್ ಸಂಖ್ಯೆಯ ಕಥೆಯೇ ಬೇರೆ. ಅದಕ್ಕೆ ಆಮೇಲೆ ಬರೋಣ.

ಮಕ್ಕಳ ವಯಸ್ಸಿನ ಗೆರೆ

ಐದು ಅಥವಾ ಆರು ವರ್ಷದೊಳಗೆ ಉಚಿತ, ಅಲ್ಲಿಂದ 12ರವರೆಗೆ ಮಕ್ಕಳ ರೇಟು, 12 ದಾಟಿದರೆ ದೊಡ್ಡವರ ಲೆಕ್ಕ. ನಮ್ಮ ಕಡೆ ಹೆಚ್ಚಿನ ರಿಸಾರ್ಟುಗಳ ಪದ್ಧತಿ ಇದು. ಕಾನೂನಿನಲ್ಲಿ 18 ತುಂಬದವರು ಮಕ್ಕಳೇ, ಆದರೆ ಹೋಟೆಲಿನ ಗೆರೆಗೂ ಅದಕ್ಕೂ ಸಂಬಂಧ ಇಲ್ಲ. ಒಂದೊಂದು ರಿಸಾರ್ಟು ಒಂದೊಂದು ಕಡೆ ಗೆರೆ ಎಳೆದುಕೊಂಡಿರುತ್ತದೆ. ಅದಕ್ಕೇ ಪಕ್ಕಪಕ್ಕದ ಎರಡು ರಿಸಾರ್ಟಿನಲ್ಲಿ ಒಂದೇ ಮಗುವಿಗೆ ಎರಡು ರೇಟು.

ರೈಲು ಟಿಕೆಟ್ ತೆಗೆದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ರೈಲಿನಲ್ಲಿ ಐದು ತುಂಬದ ಮಗುವಿಗೆ ಬೇರೆ ಬರ್ತ್ ಬೇಡ ಅಂದರೆ ಟಿಕೆಟ್ಟೇ ಬೇಡ. ಐದರಿಂದ 12ರೊಳಗಿನ ಮಗುವಿಗೆ ಬರ್ತ್ ಬೇಡ ಅಂದರೆ ಅರ್ಧ ದರ, ಬೇಕು ಅಂದರೆ ಪೂರ್ತಿ ದರ. 12 ಆಯಿತು ಅಂದರೆ ಪೂರ್ತಿ ಟಿಕೆಟ್. ರಿಸಾರ್ಟಿನವರ ಲೆಕ್ಕವೂ ಹೆಚ್ಚು ಕಡಿಮೆ ಹೀಗೇ ನಡೆಯುತ್ತದೆ. ಮಗು ಜಾಗ ಹಿಡಿಯುತ್ತಾ, ಎಷ್ಟು ತಿನ್ನುತ್ತೆ, ಅಷ್ಟೇ ಪ್ರಶ್ನೆ.

ಇಲ್ಲಿ ಜನ ಎಡವುವುದು ಒಂದು ಕಡೆ. ರೇಟು ಉಚಿತ ಅಂದ ಮಾತ್ರಕ್ಕೆ ಮಗು ಲೆಕ್ಕಕ್ಕೇ ಇಲ್ಲ ಅಂತ ಅರ್ಥ ಅಲ್ಲ. ಮ್ಯಾಕ್ಸ್ ಮೂರು ಅಂತ ಇರುವ ರೂಮಿಗೆ ಇಬ್ಬರು ದೊಡ್ಡವರು, ನಾಲ್ಕು ವರ್ಷದ ಇಬ್ಬರು ಅವಳಿ ಮಕ್ಕಳು ಬಂದರೆ ಮಕ್ಕಳಿಬ್ಬರಿಗೂ ದುಡ್ಡಿಲ್ಲದೇ ಇರಬಹುದು. ಆದರೂ ತಲೆ ನಾಲ್ಕು. ಎಷ್ಟೋ ಕಡೆ "ಒಂದು ಮಗು ಮಾತ್ರ ಉಚಿತ" ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ, ಅದನ್ನೂ ನೋಡಿಕೊಳ್ಳಿ. ವಯಸ್ಸಿಗೆ ಆಧಾರ್ ಕೇಳುತ್ತಾರೆ. ಐದರೊಳಗಿನ ಮಕ್ಕಳ ನೀಲಿ ಬಾಲ ಆಧಾರ್ ಇದ್ದರೆ ಜೊತೆಗಿಟ್ಟುಕೊಳ್ಳಿ.

12 ಅಡಿಗೆ 14 ಅಡಿಯ ರೂಮಿನೊಳಗೆ

ಈಗ ರೂಮಿನೊಳಗೆ ಹೋಗೋಣ. 12 ಅಡಿ ಅಗಲ, 14 ಅಡಿ ಉದ್ದದ ರೂಮು ಅಂತ ಇಟ್ಟುಕೊಳ್ಳಿ, 168 ಚದರ ಅಡಿ. ಸಣ್ಣದೇನಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಮೂರು ಸ್ಟಾರ್ ಹೋಟೆಲಿಗೆ ಬಾತ್‌ರೂಮ್ ಬಿಟ್ಟು ಕೇಳುವ ಕನಿಷ್ಠ ಅಳತೆ 130 ಚದರ ಅಡಿ, ಐದು ಸ್ಟಾರಿಗೆ 200.

ಕಿಂಗ್ ಸೈಜ್ ಮಂಚ ಆರು ಅಡಿ ಅಗಲ, ಆರೂವರೆ ಅಡಿ ಉದ್ದ. ತಲೆಭಾಗ ಗೋಡೆಗೆ ಕೊಟ್ಟು ನಡುವೆ ಇಟ್ಟರೆ ಎಡಕ್ಕೆ ಮೂರು ಅಡಿ, ಬಲಕ್ಕೆ ಮೂರು ಅಡಿ ಉಳಿಯುತ್ತದೆ. ಎಕ್ಸ್‌ಟ್ರಾ ಬೆಡ್ ಅಂತ ತರುವ ಹಾಸಿಗೆ ಹೆಚ್ಚು ಕಡಿಮೆ ಮೂರು ಅಡಿ ಅಗಲ, ಆರು ಅಡಿ ಉದ್ದ. ಒಂದು ಪಕ್ಕಕ್ಕೆ ಹಾಸಿದರೆ ಆ ಪಕ್ಕ ಪೂರ್ತಿ ಮುಗಿಯಿತು. ಎರಡನೆಯದನ್ನು ಎಲ್ಲಿ ಹಾಕುವುದು? ಇನ್ನೊಂದು ಪಕ್ಕಕ್ಕೆ ಹಾಕಿದರೆ ಮಂಚದ ಮೇಲಿದ್ದವರು ಹಾಸಿಗೆ ತುಳಿದುಕೊಂಡೇ ಇಳಿಯಬೇಕು. ಮಂಚದ ಕಾಲ ಬದಿಗೆ ಹಾಕೋಣ ಅಂದರೆ ಅಲ್ಲಿ ಏಳೂವರೆ ಅಡಿ ಇದೆ ನಿಜ, ಆದರೆ ಟಿವಿ ಟೇಬಲ್ಲು, ಬೀರು, ಐದು ಜನರ ಬ್ಯಾಗು, ಬಾತ್‌ರೂಮಿನ ಬಾಗಿಲು, ರೂಮಿನ ಬಾಗಿಲು ಎಲ್ಲ ಅದೇ ಕಡೆ. ರೂಮಿನ ಬಾಗಿಲು ಒಳಕ್ಕೆ ತೆಗೆಯುವಂಥದ್ದು. ಅದು ತಿರುಗುವ ಜಾಗದಲ್ಲೇ ಹಾಸಿಗೆ ಬಂತು. ರಾತ್ರಿ ಎರಡು ಗಂಟೆಗೆ ಕರೆಂಟ್ ಹೋದಾಗ ಅಜ್ಜಿ ಬಾತ್‌ರೂಮಿಗೆ ಎದ್ದರೆ ಕತ್ತಲಲ್ಲಿ ಮೊಮ್ಮಗನನ್ನು ದಾಟಿಕೊಂಡು ಹೋಗಬೇಕು.

ಬಾತ್‌ರೂಮಿನಲ್ಲಿ 15 ಲೀಟರಿನ ಗೀಸರ್ ಇರುತ್ತದೆ. ಎರಡು ಮೂರು ಜನಕ್ಕೆ ಸರಿಹೋಗುತ್ತದೆ. ಬೆಳಗ್ಗೆ ಸಫಾರಿಗೋ, ತಲಕಾವೇರಿಗೋ ಹೊರಡುವ ಹೊತ್ತಿಗೆ ಐದು ಜನ ಸಾಲಾಗಿ ನಿಂತರೆ ಕೊನೆಯವರಿಗೆ ಕೊಡಗಿನ ತಣ್ಣೀರೇ ಗತಿ. "ಬಿಸಿನೀರು ಬರಲ್ಲ" ಅಂತ ಬರುವ ದೂರುಗಳಲ್ಲಿ ಕೆಲವಾದರೂ ಇದರಿಂದ ಹುಟ್ಟಿದವು.

ಬೆಂಕಿ ಬಿದ್ದಾಗ ಎಷ್ಟು ಜನ ಇಳಿಯಬೇಕು

ಬಗ್ಗಬಾರದ ಮಿತಿ ಅಂದೆನಲ್ಲ, ಅದು ಇಲ್ಲಿಂದ ಶುರು.

ಭಾರತೀಯ ಮಾನಕ ಬ್ಯೂರೋ ಹೊರತಂದಿರುವ ರಾಷ್ಟ್ರೀಯ ಕಟ್ಟಡ ಸಂಹಿತೆ ಅಂತ ಒಂದಿದೆ. ಅದರ 2016ರ ಆವೃತ್ತಿಯ ನಾಲ್ಕನೇ ಭಾಗ ಪೂರ್ತಿ ಬೆಂಕಿ ಮತ್ತು ಜೀವರಕ್ಷಣೆಯದು. ಇದು ತಾನಾಗೇ ಕಾನೂನಲ್ಲ. ರಾಜ್ಯಗಳು ತಮ್ಮ ಕಟ್ಟಡ ನಿಯಮಗಳಲ್ಲಿ ಸೇರಿಸಿಕೊಂಡಾಗ ಕಡ್ಡಾಯವಾಗುತ್ತದೆ. ಅದರ ಪ್ರಕಾರ, ಜನ ವಾಸ ಮಾಡುವ ಮತ್ತು ತಂಗುವ ಕಟ್ಟಡಗಳಲ್ಲಿ ಒಬ್ಬರಿಗೆ 12.5 ಚದರ ಮೀಟರ್ ಅಂತ ಲೆಕ್ಕ ಹಿಡಿಯಬೇಕು. ಸುಮಾರು 134 ಚದರ ಅಡಿ.

ಇದನ್ನು ಓದಿ "ಹಾಗಾದರೆ 168 ಚದರ ಅಡಿಯ ರೂಮಿಗೆ ಒಬ್ಬರೇನಾ?" ಅಂತ ಕೇಳಬೇಡಿ. ಈ ಲೆಕ್ಕ ಒಂದು ರೂಮಿಗಲ್ಲ, ಇಡೀ ಮಹಡಿಗೆ. ಕಾರಿಡಾರು, ಮೆಟ್ಟಿಲು, ಗೋಡೆ ಎಲ್ಲ ಸೇರಿಸಿ. ಇಡೀ ಮಹಡಿ 500 ಚದರ ಮೀಟರ್ ಇದ್ದರೆ 40 ಜನ. ಆ 40 ಜನ ಒಟ್ಟಿಗೆ ಓಡಿ ಇಳಿಯಬೇಕಾಗಿ ಬಂದರೆ ಮೆಟ್ಟಿಲು ಎಷ್ಟು ಅಗಲ ಇರಬೇಕು, ಬಾಗಿಲು ಎಷ್ಟು ಇರಬೇಕು ಅಂತ ಎಂಜಿನಿಯರು ನಿರ್ಧರಿಸುವುದು ಈ ಸಂಖ್ಯೆಯಿಂದ. ಆ ಮಹಡಿಯಲ್ಲಿ 14 ರೂಮು ಇದ್ದು, ಒಂದೊಂದರಲ್ಲಿ ಇಬ್ಬರು ಮೂವರು ಇದ್ದರೆ ಲೆಕ್ಕ ಸರಿಹೋಗುತ್ತದೆ. ಎಲ್ಲರೂ ಅಡ್ಜಸ್ಟ್ ಮಾಡಿಕೊಂಡು ರೂಮಿಗೆ ಐದು ಜನ ಇದ್ದರೆ 70. ಮೆಟ್ಟಿಲು ಮಾತ್ರ ಅಷ್ಟೇ ಅಗಲ. ನಿಮ್ಮೊಂದು ರೂಮಿನಲ್ಲಿ ಇಬ್ಬರು ಹೆಚ್ಚಾದರೆ ಏನೂ ಆಗಲ್ಲ ಅನಿಸುತ್ತದೆ, ಸಹಜ. ಆದರೆ ಸಾಲು ರಜೆ ಬಂದಾಗ ಎಲ್ಲ ರೂಮಿನವರೂ ಅದನ್ನೇ ಕೇಳುತ್ತಾರೆ.

2019ರ ಫೆಬ್ರವರಿ 12ರಂದು ದೆಹಲಿಯ ಕರೋಲ್ ಬಾಗ್‌ನ ಅರ್ಪಿತ್ ಪ್ಯಾಲೇಸ್ ಹೋಟೆಲಿಗೆ ಬೆಳಗಿನ ಜಾವ ಬೆಂಕಿ ಬಿದ್ದು 17 ಜನ ಸತ್ತರು. ಹೋಟೆಲ್ ಬೆಂಕಿಯಲ್ಲಿ ಜೀವ ಹೋಗುವುದು ಹೆಚ್ಚಾಗಿ ಸುಟ್ಟು ಅಲ್ಲ, ಹೊಗೆಯಿಂದ ಉಸಿರುಗಟ್ಟಿ. ನಿದ್ದೆಯಲ್ಲಿರುವವರಿಗೆ ಎದ್ದು, ಮಕ್ಕಳನ್ನು ಎತ್ತಿಕೊಂಡು, ಬಾಗಿಲು ಹುಡುಕಿ ಹೊರಗೆ ಬರಲು ಸಿಗುವ ಸಮಯ ಬಹಳ ಕಡಿಮೆ. ಆ ಹೊತ್ತಿಗೆ ಬಾಗಿಲಿಗೆ ಅಡ್ಡ ಹಾಸಿಗೆ ಇರಬಾರದು.

ಇನ್ನೊಂದು ಮಾತು. ಅಗ್ನಿಶಾಮಕದವರು ಬಂದ ಕೂಡಲೇ ಕೇಳುವುದು ಒಳಗೆ ಎಷ್ಟು ಜನ ಇದ್ದಾರೆ ಅಂತ. ರಿಸೆಪ್ಷನ್ನಿನವರು ರಿಜಿಸ್ಟರ್ ನೋಡಿ ಹೇಳುತ್ತಾರೆ. ಮೂವರು ಅಂತ ಬರೆಸಿ ಐದು ಜನ ಮಲಗಿದ್ದರೆ ಆ ಇಬ್ಬರು ಯಾರ ಲೆಕ್ಕದಲ್ಲೂ ಇಲ್ಲ. ದುಡ್ಡು ಉಳಿಸಲು ಮಗುವಿನ ಹೆಸರು ಬರೆಸದೇ ಬಿಡುವುದು ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವ ವಿಷಯ. ದಯವಿಟ್ಟು ಹಾಗೆ ಮಾಡಬೇಡಿ.

ಮಕ್ಕಳಲ್ಲಿ ಯಾರಾದರೂ ವಿದೇಶಿ ಪಾಸ್‌ಪೋರ್ಟಿನವರಿದ್ದರೆ ಬರೆಸದೇ ಇರಲು ಹೇಗೂ ಆಗುವುದಿಲ್ಲ. ವಿದೇಶಿಯರು ತಂಗಿದ 24 ಗಂಟೆಯೊಳಗೆ ಅವರ ಮಾಹಿತಿಯನ್ನು ಹೋಟೆಲು, ಹೋಂಸ್ಟೇ ಎರಡೂ ಆನ್‌ಲೈನಿನಲ್ಲಿ ಸರ್ಕಾರಕ್ಕೆ ಕಳಿಸಲೇಬೇಕು. ಅಮೆರಿಕದಿಂದ ರಜೆಗೆ ಬಂದ ಮೊಮ್ಮಕ್ಕಳ ಪಾಸ್‌ಪೋರ್ಟ್ ಕೇಳುವುದು ಇದಕ್ಕೇ.

ನೀರು ಮತ್ತು ಸೆಪ್ಟಿಕ್ ಟ್ಯಾಂಕು

ಊರಿನ ಹೋಟೆಲಿಗೂ ಕಾಫಿ ತೋಟದ ನಡುವಿನ ರಿಸಾರ್ಟಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಊರಿನಲ್ಲಿ ನಲ್ಲಿ ನೀರು, ಒಳಚರಂಡಿ ಎರಡೂ ಇರುತ್ತವೆ. ತೋಟದೊಳಗೆ ಬೋರ್‌ವೆಲ್ಲು, ತೊರೆ, ಬಾವಿಯೇ ಆಧಾರ. ಕೊಳಚೆ ಅಲ್ಲೇ ಇಂಗಬೇಕು ಅಥವಾ ಅಲ್ಲೇ ಶುದ್ಧವಾಗಬೇಕು.

ನಮ್ಮ ದೇಶದ ಮಾನಕದಲ್ಲಿ ಮನೆಯಲ್ಲಿರುವ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಅಂತ ಹಿಡಿದರೆ, ನಾಲ್ಕು ಸ್ಟಾರ್‌ವರೆಗಿನ ಹೋಟೆಲಿನಲ್ಲಿ ಒಂದು ಹಾಸಿಗೆಗೆ 180 ಲೀಟರ್, ಐದು ಸ್ಟಾರಿನಲ್ಲಿ 320. ಇಪ್ಪತ್ತು ರೂಮಿನ ರಿಸಾರ್ಟಿನಲ್ಲಿ ರೂಮಿಗೆ ಇಬ್ಬರಂತೆ 40 ಜನ ಅಂದರೆ ದಿನಕ್ಕೆ 7,200 ಲೀಟರ್. ರೂಮಿಗೆ ನಾಲ್ವರಾದರೆ 14,400. ಏಪ್ರಿಲ್ ಮೇ ತಿಂಗಳಲ್ಲಿ ಬೋರ್ ಬತ್ತುವ ಹೊತ್ತಿಗೇ ಶಾಲೆಗೂ ರಜೆ, ರಿಸಾರ್ಟೂ ಭರ್ತಿ. ಆಗ ಟ್ಯಾಂಕರ್ ತರಿಸಬೇಕು.

ಬಂದ ನೀರೆಲ್ಲ ಹೊರಗೆ ಹೋಗಲೂಬೇಕು. ಸೆಪ್ಟಿಕ್ ಟ್ಯಾಂಕು ಕೆಲಸ ಮಾಡುವುದು ನಿಧಾನಕ್ಕೆ. ಕೊಳಚೆ ಅದರೊಳಗೆ ಒಂದಷ್ಟು ಹೊತ್ತು ನಿಂತರೆ ಗಟ್ಟಿ ಪದಾರ್ಥ ತಳಕ್ಕೆ ಕೂರುತ್ತದೆ, ಮೇಲಿನ ತಿಳಿ ಇಂಗುಗುಂಡಿಗೆ ಹೋಗುತ್ತದೆ. ಜನ ಇಮ್ಮಡಿಯಾದರೆ ಕೊಳಚೆ ಅರ್ಧ ಹೊತ್ತೇ ನಿಲ್ಲುತ್ತದೆ. ಕೂರಬೇಕಾದ ಗಟ್ಟಿ ಪದಾರ್ಥವೂ ಇಂಗುಗುಂಡಿಗೆ ಹೋಗಿ ಮಣ್ಣಿನ ಸಂದು ಕಟ್ಟಿಕೊಳ್ಳುತ್ತದೆ. ಆಮೇಲೆ ವಾಸನೆ, ಕೆಳಗಿನ ತೊರೆಗೆ ಕೊಳಚೆ. ಆ ತೊರೆಯ ನೀರನ್ನೇ ನಂಬಿದ ಮನೆಗಳು ಕೆಳಗೆ ಇರುತ್ತವೆ, ಅಲ್ವಾ.

ಹೋಂಸ್ಟೇ ಮತ್ತು ಕಾಡಿನ ಲಾಡ್ಜು

ಹೋಂಸ್ಟೇ ಅಂದರೆ ಮನೆ, ಅಲ್ಲಿ ಮಿತಿ ಸಡಿಲ ಅಂತ ಒಂದು ನಂಬಿಕೆ ಇದೆ. ಓನರ್ ಜೊತೆಗೇ ನೇರ ಮಾತಾಡುವುದರಿಂದ ಹೊಂದಾಣಿಕೆ ಸುಲಭ ಅನ್ನುವುದು ನಿಜ. ಆದರೆ ಕೇಂದ್ರದ ಇನ್‌ಕ್ರೆಡಿಬಲ್ ಇಂಡಿಯಾ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆಯಲ್ಲಿ ಒಂದು ಮನೆಗೆ ಹೆಚ್ಚೆಂದರೆ ಆರು ರೂಮು, 12 ಹಾಸಿಗೆ. ಅಂದರೆ ಅಲ್ಲೂ ರೂಮಿಗೆ ಇಬ್ಬರೇ ಲೆಕ್ಕ. ಐದಾರು ಜನರ ಕುಟುಂಬಕ್ಕೆ ಹೋಂಸ್ಟೇಯಲ್ಲಿ ಒಳ್ಳೆಯ ದಾರಿ ಅಂದರೆ ಎರಡು ಬೆಡ್‌ರೂಮಿನ ಕಾಟೇಜು ಪೂರ್ತಿ ತಗೊಳ್ಳುವುದು, ಇಲ್ಲವೇ ಡಾರ್ಮಿಟರಿ.

ಜಂಗಲ್ ಲಾಡ್ಜಸ್ ಥರದ ಕಡೆ, ಉದಾಹರಣೆಗೆ ಕಬಿನಿಯಲ್ಲಿ, ಲೆಕ್ಕದ ರೀತಿಯೇ ಬೇರೆ. ಅಲ್ಲಿ ರೇಟು ರೂಮಿಗಲ್ಲ, ತಲೆಗೆ. ಇಬ್ಬರು ರೂಮು ಹಂಚಿಕೊಂಡರೆ ಒಬ್ಬರಿಗೆ ಇಷ್ಟು ಅಂತ. ಅದರಲ್ಲಿ ವಾಸ, ಊಟ, ಸಫಾರಿ ಎಲ್ಲ ಸೇರಿರುತ್ತದೆ. ರೂಮಿನಲ್ಲಿ ಇನ್ನೊಂದು ಹಾಸಿಗೆ ಹಾಕಬಹುದು, ಸಫಾರಿ ಜೀಪಿನಲ್ಲಿ ಇನ್ನೊಂದು ಸೀಟು ಹುಟ್ಟಲ್ಲ. ಹಾಗಾಗಿ ಅಲ್ಲಿ ಮೊದಲೇ ಹೇಳದೆ ಒಬ್ಬರನ್ನು ಜಾಸ್ತಿ ಕರೆದುಕೊಂಡು ಹೋದರೆ ಅವರು ಲಾಡ್ಜಿನಲ್ಲೇ ಕೂರಬೇಕಾಗಬಹುದು.

ಓರ್ಲಾಂಡೋದಲ್ಲಿ ಅಜ್ಜಿ ತಾತನ ಜೊತೆ

ಅಮೆರಿಕದಲ್ಲಿರುವ ಮಗಳ ಮನೆಗೆ ಆರು ತಿಂಗಳು ಹೋದವರು ಡಿಸ್ನಿ ವರ್ಲ್ಡ್ ನೋಡದೇ ಬರುವುದು ಅಪರೂಪ. ಅಲ್ಲಿನ ಸಾಮಾನ್ಯ ರೂಮಿನ ಮಿತಿ ನಾಲ್ಕು ಜನ. ಜೊತೆಗೆ ತೊಟ್ಟಿಲಲ್ಲಿ ಮಲಗುವ, ಮೂರು ವರ್ಷ ತುಂಬದ ಒಂದು ಮಗು. ಪಾರ್ಕಿನ ಟಿಕೆಟ್ಟೂ ಮೂರು ತುಂಬುವವರೆಗೆ ಬೇಡ. ಮಗಳು, ಅಳಿಯ, ಇಬ್ಬರು ಮಕ್ಕಳು, ಅಜ್ಜಿ, ತಾತ ಅಂದರೆ ಆರು ಜನ. ಅಲ್ಲಿಗೆ ಎರಡು ರೂಮು, ಇಲ್ಲವೇ ಆರು ಜನಕ್ಕೆ ಅಂತಲೇ ಕಟ್ಟಿರುವ ಆರ್ಟ್ ಆಫ್ ಆ್ಯನಿಮೇಷನ್ ರಿಸಾರ್ಟಿನಂಥ ಕಡೆಯ ಫ್ಯಾಮಿಲಿ ಸೂಟ್. ಅಮೆರಿಕದ ಕಟ್ಟಡ ನಿಯಮದಲ್ಲಿ ಇಂಥ ಕಟ್ಟಡಗಳಿಗೆ ತಲೆಗೆ 200 ಚದರ ಅಡಿ, ನಮ್ಮದಕ್ಕಿಂತ ಸಾಕಷ್ಟು ಜಾಸ್ತಿ.

ಒಂದು ರೂಮೋ, ಎರಡು ರೂಮೋ

ಐದು ಜನಕ್ಕೆ ಎರಡು ರೂಮು ಅಂದ ಕೂಡಲೇ ದುಬಾರಿ ಅಂತ ತಳ್ಳಿಹಾಕಬೇಡಿ. ಜಿಎಸ್‌ಟಿ ಸೇರಿಸಿ ನೋಡಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಶೇ. 5, ಅದಕ್ಕೆ ಮೇಲ್ಪಟ್ಟರೆ ಶೇ. 18. ಇದು ಒಂದೊಂದು ರೂಮಿನ ಲೆಕ್ಕ, ಒಟ್ಟು ಬಿಲ್ಲಿನದಲ್ಲ.

ಉದಾಹರಣೆಗೆ 6,000 ರೂಪಾಯಿಯ ಎರಡು ರೂಮು ಅಂದರೆ 12,000. ತೆರಿಗೆ ಸೇರಿ 12,600. ಅದೇ ಜಾಗದಲ್ಲಿ ಫ್ಯಾಮಿಲಿ ಕಾಟೇಜು 9,500 ಇದ್ದರೆ ತೆರಿಗೆ ಸೇರಿ 11,210. ತೆರಿಗೆ ಮುಂಚೆ 2,500 ರೂಪಾಯಿಯ ವ್ಯತ್ಯಾಸ, ತೆರಿಗೆ ಆದಮೇಲೆ 1,390ಕ್ಕೆ ಇಳಿಯಿತು. ಎರಡು ರೂಮು ತಗೊಂಡರೆ ಎರಡು ಬಾತ್‌ರೂಮು, ಎರಡು ಗೀಸರು, ಅಜ್ಜಿಗೆ ಬೇಗ ಮಲಗಲು ಸದ್ದಿಲ್ಲದ ರೂಮು ಸಿಗುತ್ತದೆ. ಚಿಕ್ಕ ಮಕ್ಕಳಿದ್ದರೆ ನಡುವೆ ಬಾಗಿಲಿರುವ ಅಕ್ಕಪಕ್ಕದ ರೂಮುಗಳೇ ಬೇಕು ಅಂತ ಕೇಳಿ. ಇಂಟರ್‌ಕನೆಕ್ಟೆಡ್ ರೂಮ್ ಅಂದರೆ ಅವರಿಗೆ ಗೊತ್ತಾಗುತ್ತದೆ. ಅದು ನಿಮಗೆ ಖಾತ್ರಿ ಅಂತ ಬರಹದಲ್ಲಿ ಬರಲಿ, "ಲಭ್ಯವಿದ್ದರೆ" ಅಂತ ಬಂದರೆ ಅದನ್ನು ನೆಚ್ಚಿಕೊಳ್ಳಬೇಡಿ.

ಬುಕ್ ಮಾಡುವಾಗ

ಆ್ಯಪ್‌ನಲ್ಲಿ ಇಬ್ಬರು ಅಂತ ಹಾಕಿ, ಅಲ್ಲಿಗೆ ಹೋಗಿ ಐದು ಜನ ಇಳಿಯುವುದು ಜಗಳಕ್ಕೆ ಆಹ್ವಾನ. ಆಗ ಹೋಟೆಲಿನವರು ಹೆಚ್ಚಿನ ಹಣ ಕೇಳಿದರೆ, ರೂಮು ಇಲ್ಲ ಅಂದರೆ ನಿಮ್ಮ ಕೈಯಲ್ಲಿ ದಾಖಲೆ ಇರಲ್ಲ. ಅದರ ಬದಲು ಹಣ ಕಟ್ಟುವ ಮುಂಚೆ ವಾಟ್ಸ್‌ಆ್ಯಪ್‌ನಲ್ಲಿ ಇಂಥದ್ದೊಂದು ಮೆಸೇಜ್ ಹಾಕಿ:

"ನಮಸ್ಕಾರ ಸಾರ್. ನಾವು ಐದು ಜನ. ಮೂವರು ದೊಡ್ಡವರು, ಅದರಲ್ಲಿ ಒಬ್ಬರಿಗೆ 70 ವರ್ಷ, ಮೆಟ್ಟಿಲು ಹತ್ತಲು ಕಷ್ಟ. ಮಕ್ಕಳು ಇಬ್ಬರು, 4 ಮತ್ತು 11 ವರ್ಷ. ಯಾವ ರೂಮಿನಲ್ಲಿ ಎಷ್ಟು ಜನ ಇರಬಹುದು? ಎಕ್ಸ್‌ಟ್ರಾ ಬೆಡ್ ಅಂದರೆ ಮಂಚವೋ, ನೆಲದ ಹಾಸಿಗೆಯೋ? ಊಟ, ತೆರಿಗೆ ಎಲ್ಲ ಸೇರಿ ಒಟ್ಟು ಎಷ್ಟು? ಡ್ರೈವರ್‌ಗೆ ಮಲಗಲು ಜಾಗ, ಊಟ ಇದೆಯಾ?"

ಡ್ರೈವರ್ ವಿಷಯ ಬಹಳ ಜನ ಮರೆಯುತ್ತಾರೆ. ಘಾಟಿಯಲ್ಲಿ ಗಾಡಿ ಓಡಿಸಿದವರು ರಾತ್ರಿ ಕಾರಿನ ಸೀಟಿನಲ್ಲೇ ಮಲಗಿದರೆ ಮರುದಿನ ನಿದ್ದೆಗಣ್ಣಲ್ಲಿ ಅದೇ ಘಾಟಿ ಇಳಿಸಬೇಕು. ಅವರಿಗೂ ಒಂದು ಹಾಸಿಗೆ ಲೆಕ್ಕ ಹಾಕಿ.

ಇಷ್ಟೆಲ್ಲ ಹೇಳಿ, ಅವರು ಒಪ್ಪಿ, ಹಣವನ್ನೂ ಕಟ್ಟಿ ಹೋದಮೇಲೆ ಕೌಂಟರಿನಲ್ಲಿ "ಐದು ಜನಕ್ಕೆ ಆಗಲ್ಲ" ಅಂದರೆ ಅದು ಸೇವೆಯ ಲೋಪ. ಮೊದಲು ಆ ಮೆಸೇಜ್ ತೋರಿಸಿ ಮ್ಯಾನೇಜರ್ ಜೊತೆ ಮಾತಾಡಿ. ಆಗಲಿಲ್ಲ ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ಬುಕಿಂಗ್ ರಸೀದಿ, ಮೆಸೇಜಿನ ಸ್ಕ್ರೀನ್‌ಶಾಟ್, ಹೆಚ್ಚುವರಿ ಹಣ ಕೊಟ್ಟಿದ್ದರೆ ಅದರ ಬಿಲ್ಲು, ಈ ಮೂರನ್ನು ಎತ್ತಿಟ್ಟುಕೊಳ್ಳಿ. ಮುಂದೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕಾದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅದಕ್ಕಾಗಿ ರಿಸಾರ್ಟ್ ಇರುವ ಊರಿಗೆ ಓಡಾಡಬೇಕಿಲ್ಲ.